ವಸ್ತುವಿಲ್ಲದ ಆಕಾಶವುಂಟೆ?

ಬಯಲು ಎಂಬ ಮಾತು ಮುರಗೋಡ ಸೀಮೆಯ ರೈತನ ಬಾಯಲ್ಲಿ ಒಂದು ಅರ್ಥವನ್ನೂ ಶರಣರ ವಾಣಿಯಲ್ಲಿ ಇನ್ನೊಂದು ಅರ್ಥವನ್ನೂ ಪಡೆದಿರುವುದು. ರೈತನಿಗೆ ಬಯಲೆಂದರೆ ಗಿಡಮರಗಳ ತಡೆಯಿಲ್ಲದ ಎರೆಭೂಮಿ. ಶರಣನಿಗಾದರೋ ಅದು ನಾಮ ರೂಪ ಕ್ರಿಯೆಗಳಿಗೆ ನಿಲುಕದ ಪರವಸ್ತು. ಈ ಎರಡರ ನಡುವೆ ಮೂರನೆಯ ಅರ್ಥವೊಂದುಂಟು. ಇರುವ ವಸ್ತುಗಳಿಗೆಲ್ಲ ಇಂಬು ಕೊಟ್ಟಿರುವ ತೆರಪು ಎಂಬುದೇ ಅದು. ಶಾಸ್ತ್ರಕಾರರು ಇದನ್ನು ಆಕಾಶವೆಂದು ಕರೆದರು. ತಲೆಯ ಮೇಲೆ ನೀಲಿಯಾಗಿ ತೋರುವುದಲ್ಲ, ಇಲ್ಲಿಂದ ಅಲ್ಲಿಗೆ ಎಂಬ ದೂರ ಯಾವುದರಲ್ಲಿ ಇರುವುದೋ ಅದು. ಈ ಆಕಾಶವು ವಸ್ತುಗಳ ಹಂಗಿಲ್ಲದೆ ತಾನೇ ಇರಬಲ್ಲುದೆ, ಅಥವಾ ವಸ್ತುಗಳೆಲ್ಲ ಅಳಿದರೆ ತಾನೂ ಅಳಿಯುವುದೆ ಎಂಬುದೇ ಪ್ರಸ್ತುತ ವಿಚಾರ.

ಮೊದಲು ಲೋಕರೂಢಿಯನ್ನು ನೋಡಬೇಕು. ಹಿಂದೆ ಸುಗ್ಗಿಯಲ್ಲಿ ಕಣ ಮಾಡಿ, ಮೇಟಿ ನೆಟ್ಟು, ಹಂತಿ ಹೊಡೆದು, ರಾಶಿ ತೂರಿದ ಮೇಲೆ ಬಿಳಿಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಹಗೇವು ಬರಿದಾಗುತ್ತಿತ್ತು. ಜೋಳ ಹೋದರೂ ಹಗೇವು ಉಳಿಯಿತಷ್ಟೆ? ಹಾಗೆಯೇ ಸೂರ್ಯ ಚಂದ್ರ ತಾರೆಗಳನ್ನೆಲ್ಲ ತೆಗೆದುಹಾಕಿದರೂ ಅವುಗಳಿದ್ದ ಎಡೆ ಉಳಿಯಲೇಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಹಗೇವಿಗೆ ಮಣ್ಣಿನ ಗೋಡೆಯುಂಟು, ಆಕಾಶಕ್ಕೆ ಗೋಡೆ ಯಾವುದು? ಈ ಒಂದು ಪ್ರಶ್ನೆಯಲ್ಲಿಯೇ ವಾದವೆಲ್ಲ ಅಡಗಿದೆ.

ಭಾರತೀಯ ದರ್ಶನಕಾರರು ಇದನ್ನು ಬಿಟ್ಟವರಲ್ಲ. ವೈಶೇಷಿಕರು ತಮ್ಮ ಒಂಬತ್ತು ದ್ರವ್ಯಗಳಲ್ಲಿ ಆಕಾಶವನ್ನೂ ದಿಕ್ಕನ್ನೂ ಬೇರೆ ಬೇರೆಯಾಗಿ ಎಣಿಸಿದರು; ಶಬ್ದಕ್ಕೆ ಆಶ್ರಯವಾದುದು ಆಕಾಶ, ಹತ್ತಿರ-ದೂರ ಮೂಡಣ-ಪಡುವಣ ಎಂಬ ವ್ಯವಹಾರಕ್ಕೆ ಕಾರಣವಾದುದು ದಿಕ್ಕು; ಎರಡೂ ನಿತ್ಯ, ಎರಡೂ ವಿಭು. ಬೌದ್ಧರಲ್ಲಿ ವೈಭಾಷಿಕರು ಆಕಾಶವನ್ನು ತಡೆಯಿಲ್ಲದಿರುವಿಕೆಯೆಂಬ ಒಂದು ಸತ್ಯ ಧರ್ಮವೆಂದರೆ, ಸೌತ್ರಾಂತಿಕರು ಅದು ಬರಿಯ ಅಭಾವವೆಂದರು. ಎಲ್ಲರಿಗಿಂತ ಧೀರವಾದ ಮಾತನ್ನಾಡಿದವರು ಜೈನರು. ಜೀವ ಪುದ್ಗಲಾದಿಗಳಿರುವಷ್ಟು ಭಾಗ ಲೋಕಾಕಾಶ. ಅದರಾಚೆಗೆ ಜೀವವೂ ಇಲ್ಲದ, ಅಣುವೂ ಇಲ್ಲದ, ಕೊನೆಯಿಲ್ಲದ ಅಲೋಕಾಕಾಶ. ವಸ್ತುವಿಲ್ಲದ ಆಕಾಶ ಉಂಟೆಂದು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ಶೈವಾಗಮಗಳ ದಾರಿ ಬೇರೆ. ಶಿವತತ್ತ್ವದಿಂದ ಪೃಥ್ವಿಯವರೆಗಿನ 36 ತತ್ತ್ವಗಳಲ್ಲಿ ಆಕಾಶವು ಕಡೆಯ ಐದರಲ್ಲೊಂದು. ಹುಟ್ಟಿದ್ದು, ಆದುದರಿಂದ ಅಡಗತಕ್ಕದ್ದು. ಶರಣರ ಬಯಲು ಈ ಆಕಾಶಭೂತಕ್ಕೂ ಆಚೆಯದೆಂಬುದನ್ನು ವಾಚಕರು ಇಲ್ಲಿಯೇ ಗುರುತಿಸಿಕೊಳ್ಳುವುದು ಒಳ್ಳೆಯದು. ಮುಂದೆ ಬರುವ ಮಾತೆಲ್ಲ ಆಕಾಶದ ವಿಷಯ, ಬಯಲಿನದಲ್ಲ.

ಪಶ್ಚಿಮದಲ್ಲಿ ಈ ವಾದಕ್ಕೆ ಪ್ರಯೋಗದ ಮೊನೆಯನ್ನಿತ್ತವನು ನ್ಯೂಟನ್. 1687ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅವನು ಹೇಳಿದ ಪ್ರಯೋಗವನ್ನು ಬಾವಿಯ ಹಗ್ಗವೂ ಕೊಡವೂ ಇರುವ ಯಾರಾದರೂ ಮಾಡಿ ನೋಡಬಹುದು. ಅರ್ಧ ನೀರು ತುಂಬಿದ ಕೊಡವನ್ನು ಹಗ್ಗಕ್ಕೆ ತೂಗಹಾಕಿ, ಹಗ್ಗವು ಬಿಗಿಯಾಗುವಂತೆ ಹುರಿಗೊಳಿಸಿ ಬಿಟ್ಟರೆ ಕೊಡ ಗಿರ್ರನೆ ತಿರುಗತೊಡಗುವುದು. ಮೊದಲ ಕ್ಷಣದಲ್ಲಿ ತಿರುಗುವುದು ಕೊಡ ಮಾತ್ರ. ಒಳಗಿನ ನೀರು ಸಮತಟ್ಟಾಗಿಯೇ ಇರುವುದು. ಸ್ವಲ್ಪ ಹೊತ್ತಿನಲ್ಲಿ ನೀರೂ ಕೊಡದೊಡನೆ ತಿರುಗಿ, ನಡುವೆ ತಗ್ಗಿ ಅಂಚಿನಲ್ಲಿ ಏರುವುದು. ಆಗ ಕೊಡವನ್ನು ಹಿಡಿದು ನಿಲ್ಲಿಸಿದರೂ ನೀರು ತಿರುಗುತ್ತಲೇ ಇದ್ದು ತಗ್ಗು ತಗ್ಗಾಗಿಯೇ ಉಳಿಯುವುದು. ಕೊಡಕ್ಕೂ ನೀರಿಗೂ ಇರುವ ಪರಸ್ಪರ ಚಲನೆ ಈ ತಗ್ಗಿಗೆ ಕಾರಣವಾಗಿದ್ದರೆ, ಮೊದಲ ಕ್ಷಣದಲ್ಲಿಯೇ ಅದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಬೇಕಿತ್ತು, ಕಾಣಲಿಲ್ಲ. ಹಾಗಾದರೆ ನೀರು ಯಾವುದನ್ನು ಕುರಿತು ತಿರುಗುತ್ತಿದೆ? ನಿಶ್ಚಲವೂ ಸ್ವತಂತ್ರವೂ ಆದ ಆಕಾಶವನ್ನು ಕುರಿತು ಎಂದು ನ್ಯೂಟನ್ ತೀರ್ಮಾನಿಸಿದನು. ಅವನ ಆಕಾಶವು ಗೋಡೆಯಿಲ್ಲದ ಹಗೇವು.

ಅವನ ಸಮಕಾಲೀನನಾದ ಜರ್ಮನಿಯ ಲೈಬ್ನಿಟ್ಸ್ ಇದನ್ನು ಒಪ್ಪಲಿಲ್ಲ. 1715-16ರಲ್ಲಿ ನ್ಯೂಟನ್ನನ ಪಕ್ಷದ ಕ್ಲಾರ್ಕನೊಡನೆ ನಡೆದ ಪತ್ರವ್ಯವಹಾರದಲ್ಲಿ ಅವನು ಆಕಾಶವೆಂದರೆ ವಸ್ತುಗಳ ಪರಸ್ಪರ ಸಂಬಂಧದ ಕ್ರಮವಷ್ಟೇ ಎಂದು ವಾದಿಸಿ, ವಂಶಾವಳಿಯ ದೃಷ್ಟಾಂತವನ್ನು ಕೊಟ್ಟನು. ಕನ್ನಡ ಮನೆಗೆ ಈ ದೃಷ್ಟಾಂತ ಚೆನ್ನಾಗಿ ಒಗ್ಗುವುದು. ಬೀಗತನವೆಂಬುದು ಎರಡು ಮನೆತನಗಳ ನಡುವೆ ನಿಜವಾಗಿಯೂ ಇರುವುದು. ಅದಕ್ಕಾಗಿ ಜನ ಉಡುಗೊರೆ ಕೊಡುವರು, ಸಿಟ್ಟಾಗುವರು. ಆದರೆ ಎರಡೂ ಮನೆಗಳ ಜನರನ್ನು ತೆಗೆದ ಮೇಲೆ ಬರಿಯ ಬೀಗತನವೊಂದು ಪಡಸಾಲೆಯಲ್ಲಿ ಉಳಿದುಕೊಂಡಿದೆ ಎಂದರೆ ನಗೆಗೇಡು. ಮಾತು ಚೆನ್ನಾಗಿದೆ, ಕೊಡದ ನೀರಿಗೆ ಮಾತ್ರ ಅದರಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಕೊಡಲೆಳಸಿದವನು ಆಸ್ಟ್ರಿಯದ ಮಾಖ್. ನೀರು ತಿರುಗುವುದು ಬರಿದಾದ ಆಕಾಶವನ್ನು ಕುರಿತಲ್ಲ, ದೂರದ ತಾರಾಸಮೂಹವನ್ನು ಕುರಿತು. ಕೊಡದ ಗೋಡೆ ಹಲವು ಹರದಾರಿ ದಪ್ಪವಿದ್ದರೆ ಏನಾಗುವುದೆಂದು ಬಲ್ಲವರಾರು ಎಂದು ಅವನು 1883ರಲ್ಲಿ ಕೇಳಿದನು.

ಐನ್‌ಸ್ಟೀನರು ಮಾಖನ ಈ ಮಾತಿಗೆ ಮನಸೋತವರು. ಜಗತ್ತಿನ ದ್ರವ್ಯರಾಶಿಯೇ ಆಕಾಶದ ಗುಣಗಳನ್ನೆಲ್ಲ ನಿರ್ಣಯಿಸತಕ್ಕದ್ದು, ದ್ರವ್ಯವಿಲ್ಲದೆಡೆ ಆಕಾಶಕ್ಕೆ ರೂಪವೇ ಇರಕೂಡದು ಎಂಬ ಆಸೆಯಿಂದಲೇ ಅವರು ಸಾರ್ವತ್ರಿಕ ಸಾಪೇಕ್ಷತಾವಾದವನ್ನು ಕಟ್ಟಹೊರಟರು. 1915ರ ನವೆಂಬರದಲ್ಲಿ ಅವರು ಪಡೆದ ಸಮೀಕರಣದ ಒಂದು ಬದಿಯಲ್ಲಿ ದೇಶಕಾಲದ ವಕ್ರತೆ, ಇನ್ನೊಂದು ಬದಿಯಲ್ಲಿ ದ್ರವ್ಯ ಮತ್ತು ಶಕ್ತಿ. ಭಾರವಾದ ವಸ್ತುವಿನ ಬಳಿ ದೇಶಕಾಲ ಬಾಗುವುದು; ಆ ಬಾಗೇ ಗುರುತ್ವಾಕರ್ಷಣ. ಸೂರ್ಯನ ಅಂಚನ್ನು ಸವರಿ ಬರುವ ತಾರೆಯ ಬೆಳಕು ಒಂದು ಅಂಶದ ಸುಮಾರು 2,000ದಲ್ಲೊಂದು ಭಾಗ ಓರೆಯಾಗಬೇಕು. 1919ರ ಮೇ 29ರ ಪೂರ್ಣಗ್ರಹಣದಲ್ಲಿ ಇಂಗ್ಲಿಷ್ ಖಗೋಳಜ್ಞರು ಇದನ್ನು ಅಳೆದರು. 1922ರ ಗ್ರಹಣಕ್ಕೆ ಕೊಡೈಕನಾಲ್ ವೀಕ್ಷಣಾಲಯದ ಎವರ್‌ಶೆಡ್ ಸಹ ಇದೇ ಉದ್ದೇಶದಿಂದ ಆಸ್ಟ್ರೇಲಿಯಕ್ಕೆ ಹೋಗಿದ್ದರೂ ಉಪಕರಣಗಳ ತೊಂದರೆಯಿಂದ ಫಲ ದೊರೆಯಲಿಲ್ಲ. 1980ರ ಫೆಬ್ರವರಿ 16ರಂದು ಅಂಕೋಲೆಯಿಂದ ರಾಯಚೂರಿನತ್ತ ಪೂರ್ಣಗ್ರಹಣದ ನೆರಳು ಹರಿದುಹೋದುದನ್ನು ಈ ಭಾಗದ ಹಿರಿಯರು ಇನ್ನೂ ನೆನೆಯುವರು. ಬಾಗಿಲು ಮುಚ್ಚಿ ಒಳಗೆ ಕುಳಿತವರೇ ಹೆಚ್ಚು. ಹೊರಗೆ ಬಂದವರಿಗೆ ಹಗಲಿನಲ್ಲಿ ತಾರೆಗಳು ಕಂಡವು. ಸೂರ್ಯನ ಬಳಿಯ ತಾರೆಗಳನ್ನು ಕಾಣಲು ಅಂಥ ಗಳಿಗೆಯೇ ಬೇಕಾಗಿದ್ದ ಕಾಲದಲ್ಲಿ 1919ರ ಆ ಅಳತೆ ನಡೆದಿತ್ತು.

ದ್ರವ್ಯವು ಆಕಾಶವನ್ನು ಬಾಗಿಸುವುದೆಂಬುದು ಹೀಗೆ ದೃಢಪಟ್ಟಿತು. ಆದರೆ ಬಾಗಿಸುವುದು ಬೇರೆ, ಉಂಟುಮಾಡುವುದು ಬೇರೆ. ಗಾಳಿಯು ಕೆರೆಯ ನೀರಿನಲ್ಲಿ ತೆರೆಯೆಬ್ಬಿಸುವುದರಿಂದ ಗಾಳಿಯೇ ಕೆರೆಯನ್ನು ಹುಟ್ಟಿಸಿತೆನ್ನಲಾಗದು. ಈ ಭೇದವು 1917ರಲ್ಲಿ ಐನ್‌ಸ್ಟೀನರ ಎದುರಿಗೇ ಬಂದು ನಿಂತಿತು. ಅದೇ ವರ್ಷ ಅವರು ದ್ರವ್ಯದಿಂದ ತುಂಬಿ ತನ್ನಲ್ಲಿಯೇ ಮುಚ್ಚಿಕೊಂಡ ಜಗತ್ತೊಂದನ್ನು ಲೆಕ್ಕಿಸಿ, ಇನ್ನು ಆಕಾಶಕ್ಕೆ ದ್ರವ್ಯದ ಹೊರತು ಗತಿಯಿಲ್ಲವೆಂದು ಸಮಾಧಾನಗೊಂಡಿದ್ದರು. ಕೆಲವೇ ವಾರಗಳಲ್ಲಿ ಹಾಲೆಂಡಿನ ಡಿ ಸಿಟ್ಟರ್, ಅದೇ ಸಮೀಕರಣಕ್ಕೆ ಒಂದು ಕಣ ದ್ರವ್ಯವೂ ಇಲ್ಲದ, ಆದರೂ ವಕ್ರವಾದ ಪೂರ್ಣ ಜಗತ್ತೊಂದು ಉತ್ತರವಾಗಬಲ್ಲುದೆಂದು ತೋರಿಸಿದನು. ಐನ್‌ಸ್ಟೀನರು ಅದರಲ್ಲಿ ತಪ್ಪು ಹುಡುಕಿದರು. ಎಲ್ಲಿಯೋ ಅಂಚಿನಲ್ಲಿ ದ್ರವ್ಯ ಬಚ್ಚಿಟ್ಟುಕೊಂಡಿರಬೇಕೆಂದು ವಾದಿಸಿದರು. ತಪ್ಪಿರಲಿಲ್ಲ, ಕೊನೆಗೆ ಒಪ್ಪಬೇಕಾಯಿತು. ಆದರೂ ಹಳೆಯ ಆಸೆ ಬೇಗ ಬಿಡಲಿಲ್ಲ. 1921ರಲ್ಲಿ ಅಮೆರಿಕಕ್ಕೆ ಹೋದಾಗ ಅವರು ಪತ್ರಕರ್ತರಿಗೆ, ವಸ್ತುಗಳೆಲ್ಲ ಹೋದರೆ ಆಕಾಶವೂ ಕಾಲವೂ ಜೊತೆಗೇ ಹೋಗುವುವು ಎಂಬರ್ಥದ ಮಾತನ್ನೇ ಹೇಳಿದರು. ಆ ಮಾತು ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತಿದೆ. ಅವರ ಸಮೀಕರಣ ಹಾಗೆ ಹೇಳುವುದಿಲ್ಲವೆಂಬುದನ್ನು ಆ ಪುಸ್ತಕಗಳು ಸಾಮಾನ್ಯವಾಗಿ ತಿಳಿಸುವುದಿಲ್ಲ.

ಮಾಖನ ಪಕ್ಷವು ಪೂರ್ತಿ ಬಿದ್ದುಹೋಯಿತೆನ್ನುವುದೂ ನ್ಯಾಯವಲ್ಲ. ತಿರುಗುವ ಭಾರವು ತನ್ನ ಸುತ್ತಲ ಆಕಾಶವನ್ನು ಸ್ವಲ್ಪವಾಗಿ ತನ್ನೊಡನೆ ಎಳೆಯುವುದೆಂದು 1918ರಲ್ಲಿಯೇ ಥಿರಿಂಗ್ ಲೆಕ್ಕ ಹಾಕಿದ್ದನು. 2004ರಲ್ಲಿ ಹಾರಿಸಿದ ಉಪಗ್ರಹವೊಂದರಲ್ಲಿ ನಾಲ್ಕು ಸ್ಫಟಿಕದ ಚೆಂಡುಗಳನ್ನು ಬುಗುರಿಗಳಂತೆ ತಿರುಗಿಸಿ, ಭೂಮಿಯ ತಿರುಗುವಿಕೆ ಅವುಗಳ ಅಕ್ಷವನ್ನು ಎಷ್ಟು ಎಳೆಯುವುದೆಂದು ಅಳೆದರು. ವರ್ಷಕ್ಕೆ ಒಂದು ಅಂಶದ 36 ಲಕ್ಷದಲ್ಲೊಂದು ಭಾಗವನ್ನು ಮಾನವಾಗಿಟ್ಟುಕೊಂಡರೆ, ಸಿದ್ಧಾಂತದ ಲೆಕ್ಕ 39 ಮಾನ. 2011ರಲ್ಲಿ ಪ್ರಕಟವಾದ ಅಳತೆ 37, ಅನಿಶ್ಚಯ 7. ಆದುದರಿಂದ ದಪ್ಪ ಗೋಡೆಯ ಕೊಡವು ಒಳಗಿನ ನೀರಿನ ಮೇಲೆ ಪ್ರಭಾವ ಬೀರುವುದು ದಿಟ. ಆ ಪ್ರಭಾವ ಅತ್ಯಲ್ಪವಾದುದು. ಉಳಿದುದೆಲ್ಲ ಆಕಾಶದ ಸ್ವಂತ ಬಂಡವಾಳ.

ಈ ವಾದದ ಅತ್ಯಂತ ಸ್ಪಷ್ಟವಾದ ದೃಷ್ಟಾಂತಕ್ಕೆ ಕನ್ನಡಿಗರೊಬ್ಬರ ಹೆಸರು ಅಂಟಿಕೊಂಡಿರುವುದು ಈ ನಾಡಿನಲ್ಲಿಯೇ ಅನೇಕರಿಗೆ ತಿಳಿದಿಲ್ಲ. ಸಿ. ವಿ. ವಿಶ್ವೇಶ್ವರ ಅವರು 1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಕನ್ನಡದ ಹೆಸರಾಂತ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕೆಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡಾಗ ಅವರೆತ್ತಿಕೊಂಡ ವಿಷಯ ಕೃಷ್ಣರಂಧ್ರದ್ದು. ಕೃಷ್ಣರಂಧ್ರವೆಂಬ ಹೆಸರೇ ಆಗಿನ್ನೂ ಹೊಸದು.

ಕೃಷ್ಣರಂಧ್ರವೆಂದರೇನೆಂಬುದನ್ನು ಇಲ್ಲಿ ತುಸು ನಿಂತು ನೋಡಬೇಕು. ಅದನ್ನು ಬಹಳ ಭಾರವಾದ, ಕಪ್ಪಾದ ಗುಂಡೆಂದು ಜನ ಭಾವಿಸುವರು. ಹಾಗಲ್ಲ. 1916ರಲ್ಲಿ ಜರ್ಮನಿಯ ಶ್ವಾರ್ಜ್‌ಶೀಲ್ಡ್, ಯುದ್ಧಭೂಮಿಯಿಂದಲೇ ಕಳುಹಿಸಿದ ಲೆಕ್ಕದಲ್ಲಿ, ಐನ್‌ಸ್ಟೀನರ ಸಮೀಕರಣದ ದ್ರವ್ಯದ ಬದಿಗೆ ಸೊನ್ನೆಯಿಟ್ಟು ಬಿಡಿಸಿದನು. ದ್ರವ್ಯ ಸೊನ್ನೆಯಾದರೂ ವಕ್ರತೆ ಸೊನ್ನೆಯಾಗಲಿಲ್ಲ. ನಕ್ಷತ್ರದ ಹೊರಗಣ ಬರಿದಾದ ಆಕಾಶಕ್ಕೆಂದು ಮಾಡಿದ ಆ ಲೆಕ್ಕವೇ ಕೃಷ್ಣರಂಧ್ರದ ಲೆಕ್ಕವೂ ಆಗಿದೆ. ಅದರ ಅಂಚನ್ನು ದಾಟುವವನಿಗೆ ಅಲ್ಲಿ ನೆಲವೂ ಇಲ್ಲ, ಗೋಡೆಯೂ ಇಲ್ಲ. ಬೆಳಕು ಹೊರಬರಲಾರದಷ್ಟು ಬಾಗಿದ ಬರಿಯ ದೇಶಕಾಲ ಇರುವುದು. ನಕ್ಷತ್ರವೊಂದು ಕುಸಿದು ಅದು ಉಂಟಾಗಿರಬಹುದು. ಆದರೆ ಕುಸಿದ ದ್ರವ್ಯವು ಒಳಗೆ ಹೋದ ಮೇಲೆ ಹೊರಗಿನವರ ಪಾಲಿಗೆ ಉಳಿಯುವುದು ಆಕಾಶದ ಆ ಆಕಾರವೊಂದೇ.

ಇಂಥ ವಸ್ತುವಿಲ್ಲದ ವಸ್ತುವನ್ನು ಕದಲಿಸಿದರೆ ಏನಾಗುವುದು? ಚೂರಾಗುವುದೆ, ಕರಗುವುದೆ, ನಿಲ್ಲುವುದೆ? ವಿಶ್ವೇಶ್ವರ ಅವರು ಮೊದಲು ಅದು ನಿಲ್ಲುವುದೆಂದು ತೋರಿಸಿದರು. ಸಣ್ಣ ಕದಲಿಕೆಗಳು ಬೆಳೆಯದೆ ಅಡಗುವುವು. ಬಳಿಕ ಅದರ ಮೇಲೆ ಗುರುತ್ವತರಂಗದ ಪುಟ್ಟ ಕಂತೆಗಳನ್ನು ಗಣಿತದ ಮೂಲಕ ಎಸೆದು, ತಿರುಗಿ ಬರುವುದನ್ನು ಪರೀಕ್ಷಿಸಿದರು. 1970ರಲ್ಲಿ ಅವರು ಪ್ರಕಟಿಸಿದ ಫಲ ಆಶ್ಚರ್ಯಕರವಾಗಿದ್ದಿತು. ಕಂತೆಯು ಕೃಷ್ಣರಂಧ್ರದ ಗಾತ್ರಕ್ಕಿಂತ ಸಾಕಷ್ಟು ಕಿರಿದಾಗಿದ್ದರೆ, ಏನನ್ನೇ ಎಸೆದರೂ ತಿರುಗಿ ಬರುವ ತರಂಗದ ಕೊನೆಯಲ್ಲಿ ಒಂದೇ ಸ್ವರ, ಒಂದೇ ರೀತಿಯಾಗಿ ಕ್ಷೀಣಿಸುವ ಸ್ವರ. ಮಠದ ಗಂಟೆಯನ್ನು ಕೊಡತಿಯಿಂದ ಬಡಿದರೂ ಕಲ್ಲಿನಿಂದ ಬಡಿದರೂ ಮೊದಲ ಸಪ್ಪಳ ಬೇರೆಯಾದೀತು. ಆಮೇಲೆ ಉಳಿಯುವ ನಾದ ಗಂಟೆಯದೇ, ಬಡಿದುದರದಲ್ಲ. ಗಂಟೆಯ ನಾದಕ್ಕೆ ಅದರ ಕಂಚು ಕಾರಣ. ಕೃಷ್ಣರಂಧ್ರದ ನಾದಕ್ಕೆ ಕಂಚಿಲ್ಲ. ಅಲ್ಲಿ ಕಂಪಿಸುವುದು ಆಕಾಶವೇ. ಅದರ ಶ್ರುತಿಯನ್ನು ನಿರ್ಣಯಿಸುವುದು ಕೃಷ್ಣರಂಧ್ರದ ರಾಶಿ ಮತ್ತು ಭ್ರಮಣ ಮಾತ್ರ.

45 ವರ್ಷಗಳ ಕಾಲ ಇದು ಕಾಗದದ ಮೇಲಣ ನಾದವಾಗಿಯೇ ಇದ್ದಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕೆಯ ಎರಡು ಕಡೆಗಳಲ್ಲಿ, 4 ಕಿಲೋಮೀಟರು ಉದ್ದದ ಜೋಡು ತೋಳುಗಳುಳ್ಳ ಯಂತ್ರಗಳು ಒಂದು ಕಂಪನವನ್ನು ಹಿಡಿದವು. ತೋಳುಗಳ ಉದ್ದದಲ್ಲಾದ ವ್ಯತ್ಯಾಸ ಒಂದು ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಪಾಲಿಗೂ ಕಡಿಮೆ. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಸೂರ್ಯನ 36 ಮತ್ತು 29 ಪಟ್ಟು ರಾಶಿಯುಳ್ಳ ಎರಡು ಕೃಷ್ಣರಂಧ್ರಗಳು ಒಂದನ್ನೊಂದು ಸುತ್ತಿ ಸೇರಿ 62 ಪಟ್ಟಿನ ಒಂದಾಗಿದ್ದವು. ಲೆಕ್ಕದಲ್ಲಿ 3 ಸೂರ್ಯರಷ್ಟು ಕಡಿಮೆ ಬೀಳುವುದನ್ನು ವಾಚಕರು ಗಮನಿಸಿರಬಹುದು. ಅಷ್ಟೂ ಶಕ್ತಿಯಾಗಿ ಹೊರಟಿತು, ಬೆಳಕಾಗಿ ಅಲ್ಲ, ಧೂಳಾಗಿ ಅಲ್ಲ, ಆಕಾಶದ ಅಲೆಯಾಗಿ. ಸೇರಿದ ಮೇಲಣ ಕಡೆಯ ಕ್ಷಣದಲ್ಲಿ, ಸೆಕೆಂಡಿಗೆ ಸುಮಾರು 250 ಆಂದೋಲನಗಳ ಸ್ವರವೊಂದು ನಾಲ್ಕು ಮಿಲಿಸೆಕೆಂಡುಗಳಷ್ಟರಲ್ಲಿ ಉಡುಗಿಹೋಯಿತು. ವಿಶ್ವೇಶ್ವರ ಅವರು ಹೇಳಿದ್ದ ಗಂಟೆಯ ನಾದ ಅದು. 2025ರ ಜನವರಿ 14ರಂದು, ಸಂಕ್ರಾಂತಿಯ ದಿನವೇ, ಇದಕ್ಕಿಂತ ಬಹಳ ಸ್ಪಷ್ಟವಾದ ಸಂಕೇತವೊಂದು ದೊರೆತು, ಮೂಲಸ್ವರದೊಡನೆ ಬೇಗನೆ ಅಡಗುವ ಉಪಸ್ವರವೂ ಗುರುತಿಗೆ ಬಂದಿತು.

ಇಲ್ಲಿ ಪೂರ್ವಪಕ್ಷಿಯು ಒಂದು ಮಾತು ಹೇಳಬಲ್ಲನು. ಆ ಕೃಷ್ಣರಂಧ್ರಗಳು ಮೊದಲು ನಕ್ಷತ್ರಗಳಾಗಿದ್ದವಷ್ಟೆ. ಮೂಲದಲ್ಲಿ ದ್ರವ್ಯವಿದ್ದಿತೆಂದ ಮೇಲೆ ಆಕಾಶ ಸ್ವತಂತ್ರವೆಂದೆನ್ನುವುದು ಹೇಗೆ? ಆಕ್ಷೇಪ ಯೋಗ್ಯವಾದುದೇ. ಇದಕ್ಕೆ ಗಣಿತದ ಉತ್ತರವುಂಟು. ದ್ರವ್ಯವೇ ಇಲ್ಲದೆ ಗುರುತ್ವತರಂಗಗಳು ಎಲ್ಲ ಕಡೆಯಿಂದ ಸಾಕಷ್ಟು ತೀವ್ರವಾಗಿ ಒಂದೆಡೆ ಕೂಡಿಬಂದರೆ ಅವುಗಳಿಂದಲೇ ಕೃಷ್ಣರಂಧ್ರವು ಹುಟ್ಟಬಲ್ಲುದೆಂದು ಗ್ರೀಸಿನ ಗಣಿತಜ್ಞ ಕ್ರಿಸ್ಟೊಡೌಲೊ 2009ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸಾಧಿಸಿದನು. ಅಂಥದು ನಡೆದುದನ್ನು ಯಾರೂ ಕಂಡಿಲ್ಲ. ಸಿದ್ಧಾಂತವು ಅದಕ್ಕೆ ಅಡ್ಡಿ ಹೇಳುವುದಿಲ್ಲವೆಂಬುದು ನಿಶ್ಚಯ. ಆಕಾಶವು ಆಕಾಶದಿಂದಲೇ ಬಾಗಬಲ್ಲುದು.

ಹಾಗಾದರೆ ನ್ಯೂಟನ್ನನೇ ಗೆದ್ದನೆ? ಅದೂ ಇಲ್ಲ. ನ್ಯೂಟನ್ನನ ಹಗೇವು ಜೋಳದಿಂದ ಎಂದೂ ಬದಲಾಗದು. ಸಾಪೇಕ್ಷತೆಯ ಆಕಾಶ ಬಾಗುವುದು, ಅಲೆಯಾಗುವುದು, ಶಕ್ತಿಯನ್ನು ಹೊತ್ತೊಯ್ಯುವುದು. ಇಷ್ಟು ಮಾಡಬಲ್ಲುದನ್ನು ಪಾತ್ರೆಯೆಂದು ಕರೆಯುವುದು ಕಷ್ಟ. ಇನ್ನೂ ಸೂಕ್ಷ್ಮವಾದ ತೊಡಕೊಂದುಂಟು. 1913ರಲ್ಲಿ ಐನ್‌ಸ್ಟೀನರನ್ನೇ ದಾರಿ ತಪ್ಪಿಸಿ ಎರಡು ವರ್ಷ ಕಾಡಿದ್ದು ಅದು. ಆಕಾಶದ ಬಿಂದುಗಳಿಗೆ ತಮ್ಮದೇ ಆದ ಗುರುತು ಇರುವುದೆ? ಊರಿನ ಹೊಲಗಳಿಗೆ ಸರ್ವೆ ನಂಬರುಗಳಿವೆ. ನಾಳೆ ಸರಕಾರವು ನಂಬರುಗಳನ್ನೆಲ್ಲ ಅದಲುಬದಲು ಮಾಡಿದರೆ ಎರೆಹೊಲ ಮಸಾರಿಯಾಗದು, ಬಾವಿ ಸರಿದುಹೋಗದು. ಐನ್‌ಸ್ಟೀನರು ಕೊನೆಗೆ ಕಂಡುಕೊಂಡುದು ಇದನ್ನೇ. ಬಿಂದುವೊಂದಕ್ಕೆ ಅಲ್ಲಿ ಆಗುವ ಘಟನೆಯ ಹೊರತು, ಅಲ್ಲಿಯ ಗುರುತ್ವಕ್ಷೇತ್ರದ ಹೊರತು, ಬೇರೆ ಹೆಸರಿಲ್ಲ. ಎಲ್ಲವನ್ನೂ ಒಟ್ಟಾಗಿ ಬೇರೆ ಬಿಂದುಗಳಿಗೆ ಸರಿಸಿದೆನೆಂದರೆ ಏನನ್ನೂ ಸರಿಸಿದಂತಾಗಲಿಲ್ಲ. ಈ ಮಾತಿನಲ್ಲಿ ಲೈಬ್ನಿಟ್ಸನಿಗೆ ಅವನ ಪಾಲು ತಿರುಗಿ ಸಂದಿತು.

1952ರಲ್ಲಿ, ತಮ್ಮ ಸಾಪೇಕ್ಷತೆಯ ಜನಪ್ರಿಯ ಗ್ರಂಥಕ್ಕೆ ಹೊಸದಾಗಿ ಸೇರಿಸಿದ ಅನುಬಂಧದಲ್ಲಿ, ಐನ್‌ಸ್ಟೀನರು ತಮ್ಮ ಕೊನೆಯ ಮತವನ್ನು ಬರೆದರು. ಗುರುತ್ವಕ್ಷೇತ್ರವನ್ನು ತೆಗೆದುಹಾಕಿದರೆ ಉಳಿಯುವುದು ಬರಿದಾದ ಆಕಾಶವಲ್ಲ, ಏನೂ ಉಳಿಯುವುದಿಲ್ಲ ಎಂಬುದು ಅದರ ಸಾರ. 1921ರ ಮಾತಿಗೂ ಇದಕ್ಕೂ ಇರುವ ಅಂತರ ದೊಡ್ಡದು. ಆಗ ಅವರು ವಸ್ತು ಹೋದರೆ ಆಕಾಶ ಹೋಗುವುದೆಂದರು. ಈಗ ಕ್ಷೇತ್ರ ಹೋದರೆ ಆಕಾಶ ಹೋಗುವುದೆಂದರು. ಕ್ಷೇತ್ರವೆಂಬುದು ವಸ್ತುವಿಲ್ಲದೆಯೂ ಇರಬಲ್ಲುದು, ಏಕೆಂದರೆ ಅದು ಆಕಾಶದ ಆಕಾರವೇ. 1954ರಲ್ಲಿ ಬರೆದ ಪತ್ರವೊಂದರಲ್ಲಿ ಮಾಖನ ತತ್ತ್ವದ ಮಾತನ್ನು ಇನ್ನು ಎತ್ತದಿರುವುದೇ ಲೇಸೆಂದೂ ತಿಳಿಸಿದರು. ತಾರುಣ್ಯದಲ್ಲಿ ಮನಸೋತ ತತ್ತ್ವವನ್ನು, ತಾವೇ ಕಟ್ಟಿದ ಸಮೀಕರಣ ಒಪ್ಪಲಿಲ್ಲವೆಂದು ಮುಪ್ಪಿನಲ್ಲಿ ಕೈಬಿಡುವುದು ಸುಲಭದ ಕೆಲಸವಲ್ಲ.

ವಸ್ತುವೆಂದರೆ ಅಣು ಪರಮಾಣು ಬೆಳಕು ಎಂದಾದರೆ, ಸಾಪೇಕ್ಷತಾವಾದದ ಪ್ರಕಾರ ಆಕಾಶವು ವಸ್ತುವಿಲ್ಲದೆ ಇರಬಲ್ಲುದು. ಗುರುತ್ವಕ್ಷೇತ್ರವನ್ನೂ ಒಂದು ಬಗೆಯ ವಸ್ತುವೆಂದು ಎಣಿಸಿದರೆ ಪ್ರಶ್ನೆಯೇ ತಿರುಗಿ ಬೀಳುವುದು, ಏಕೆಂದರೆ ಆಗ ಆಕಾಶವೇ ವಸ್ತು. ತತ್ತ್ವಜ್ಞರು ಈ ಎರಡರಲ್ಲಿ ಯಾವ ಮಾತು ಸರಿಯೆಂದು ಇಂದಿಗೂ ಹೋರಾಡುತ್ತಿರುವರು. ಗಣಿತದಲ್ಲಿ ಮಾತ್ರ ಜಗಳವಿಲ್ಲ.

ಇಂಥ ಲೇಖನವನ್ನು ಓದಿದೊಡನೆ, ಇದನ್ನೆಲ್ಲ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿದ್ದರೆಂದು ಹಿಗ್ಗುವವರುಂಟು. ಅಲ್ಲಮಪ್ರಭುಗಳ ಬಯಲನ್ನು ಯಂತ್ರದ ತೋಳಿನಿಂದ ಅಳೆಯಹೋಗುವುದು ವಿಜ್ಞಾನಕ್ಕೂ ಗೌರವವಲ್ಲ, ಪ್ರಭುಗಳಿಗೂ ಗೌರವವಲ್ಲ. ಅಳತೆಗೆ ಸಿಕ್ಕಿದುದು 36ರಲ್ಲೊಂದಾದ ಆಕಾಶತತ್ತ್ವ. ಶೂನ್ಯವೆಂಬ ಶಬ್ದವನ್ನು ಕೇಳಿ ಏನೂ ಇಲ್ಲವೆಂದು ತಿಳಿಯಬಾರದೆಂದು ವಚನಗಳ ವ್ಯಾಖ್ಯಾನಕಾರರು ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಬರಿದೆಂದು ಎಣಿಸಿದ್ದೆಡೆಯಲ್ಲಿ ಗಂಟೆ ಬಾರಿಸಿದಾಗ ಭೌತವಿಜ್ಞಾನಿಗಳೂ ಅಂಥದೇ ಎಚ್ಚರವನ್ನು ಕಲಿಯಬೇಕಾಯಿತು. ಸಾಮ್ಯವು ಅಷ್ಟಕ್ಕೇ ನಿಲ್ಲುವುದು.

ವಿಶ್ವೇಶ್ವರ ಅವರು ತಾಯ್ನಾಡಿಗೆ ಮರಳಿ ರಾಮನ್ ಸಂಶೋಧನ ಸಂಸ್ಥೆಯಲ್ಲಿಯೂ ಬಳಿಕ ಭಾರತೀಯ ಖಭೌತ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಅದರ ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿದರು. 2016ರ ಫೆಬ್ರವರಿ 11ರಂದು ಗುರುತ್ವತರಂಗದ ಸುದ್ದಿ ಹೊರಬಿದ್ದಾಗ ಅವರಿಗೆ 77 ವರ್ಷ. 1970ರ ತಮ್ಮ ಲೇಖನದ ಸ್ವರವನ್ನು ಯಂತ್ರದ ಗೆರೆಗಳಲ್ಲಿ ಕಣ್ಣಾರೆ ಕಾಣುವ ಅವಕಾಶ ಅವರಿಗೆ ದೊರೆಯಿತು. ಮರುವರ್ಷದ ಜನವರಿ 16ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.